ಶೇಷದ ಚೌಕ

ಪಾಠ ಮಾಡಿದ ಕೊನೆಯ ದಿನ ನಮ್ಮವರು ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದರು. ಮೂರನೇ ತರಗತಿಯ ಮೇಷ್ಟ್ರು ಅವರು. ಅದೇ ಶಾಲೆಯಲ್ಲಿ ಗುಡಿಸಿ ಒರೆಸುವವಳು ನಾನು.

"ಅರಚಿ ಅರಚಿ ಸಾಯ್ತೀರಿ ಒಂದಿನ," ಅಂದೆ.

"ಭಾಗಾಕಾರ ಕಣೇ. ಪಿಸುಗುಟ್ಟಿದ್ರೆ ತಲೆಗೆ ಹೋಗಲ್ಲ," ಅಂತ ನಕ್ಕರು.

ಮರುದಿನ ಹಲ್ಲುಜ್ಜುತ್ತಾ ಬಿದ್ದವರು ಏಳಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಅವರ ಆಟ ಹೀಗಿತ್ತು. ಬೆಂಚುಗಳನ್ನು ಗೋಡೆಗೆ ಸರಿಸಿ ಮಕ್ಕಳು ಸುತ್ತು ಹಾಕುತ್ತಿದ್ದರು. ಇವರು "ನಾಲ್ಕು!" ಎಂದು ಕೂಗಿದರೆ ನಾಲ್ಕು ನಾಲ್ಕು ಜನ ಕೈ ಹಿಡಿದು ಗುಂಪಾಗಬೇಕು. ಗುಂಪು ಸಿಗದವರು ಶೇಷ. ಮರ್ಯಾದೆಯೆಲ್ಲ ಶೇಷಕ್ಕೇ. ಉಳಿದವರು ಮೇಷ್ಟ್ರ ಕುರ್ಚಿ ಹತ್ತಿ ನಿಂತು, ಯಾರೂ ಉಳಿಯದಂಥ ಸಂಖ್ಯೆ ಯೋಚಿಸಿ ಕೂಗಬೇಕು. ತಪ್ಪಿದರೆ ಇನ್ನೊಂದು ಸಲ. ಕುರ್ಚಿಯ ಆಸೆಗೆ ಮಕ್ಕಳು ಬೇಕೆಂದೇ ಗುಂಪಿನಿಂದ ತಪ್ಪಿಸಿಕೊಳ್ಳುತ್ತಿದ್ದರು.

ಅವರ ಜಾಗಕ್ಕೆ ಬಂದವನು ಶ್ರದ್ಧಾಂಜಲಿ ಸಭೆಯಲ್ಲಿ, "ಅವರ ಆಟ ಮುಂದುವರಿಸ್ತೀನಿ," ಎಂದು ಕಣ್ಣೊರೆಸಿಕೊಂಡ. ಮುಂದುವರಿಸಿದ. ಕಸದ ಡಬ್ಬಿಯ ಪಕ್ಕ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದ. ಶೇಷವಾದವರು ಅದರೊಳಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮಿಕ್ಕ ಮಕ್ಕಳು ಚಪ್ಪಾಳೆ ತಟ್ಟಿ ಗೇಲಿ ಮಾಡಬೇಕು.

ಯಾರು ಉಳಿದರೂ ಅವರಲ್ಲಿ ಒಬ್ಬಳು ಇದ್ದೇ ಇರುತ್ತಾಳೆ. ಸದಾ ಮೂಗು ಸೋರುವ, ನಿಧಾನದ ಹುಡುಗಿ. ಅವಳ ಕೈ ಯಾರೂ ಹಿಡಿಯುವುದಿಲ್ಲ. ನಮ್ಮವರ ಕಾಲದಲ್ಲಿ ಕುರ್ಚಿ ಸವೆಸಿದವಳೇ ಅವಳು.

ಒಂದು ದಿನ ಹಾಜರಿ ಕೂಗುವಾಗ ಆ ಪುಣ್ಯಾತ್ಮ, "ಶೇಷ ಬಂದಿದೆಯಾ?" ಎಂದ.

ಹುಡುಗಿ ಎದ್ದು ನಿಂತು, "ಬಂದಿದೀನಿ ಸಾರ್," ಎಂದಳು. ತಮಾಷೆಗಲ್ಲ. ಅಪ್ಪ ಅಮ್ಮ ಇಟ್ಟ ಹೆಸರೇ ಅದು ಅನ್ನುವ ಹಾಗೆ.

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಒಳಗೆ ಕಾಲಿಟ್ಟೆ.

"ಸಾರ್, ಆಟ ಹಾಗಲ್ಲ. ಉಳಿದೋರು ಕುರ್ಚಿ ಹತ್ಬೇಕು."

"ಅಕ್ಕಾ, ಕುರ್ಚಿ ಹತ್ತಿಸಿದ್ರೆ ನಾಳೆ ತಲೆ ಮೇಲೇ ಹತ್ತುತ್ವೆ. ನೀವು ಕಸ ನೋಡ್ಕೊಳ್ಳಿ, ಲೆಕ್ಕ ನಾನು ನೋಡ್ಕೊಳ್ತೀನಿ."

"ಕಸಾನೇ ನೋಡ್ತಿದೀನಿ ಸಾರ್," ಅಂದೆ, ಅವನ ಮುಖ ನೋಡಿಕೊಂಡೇ.

ಹೆಡ್‌ಮಿಸ್ಸಿಗೆ ಹೇಳಿದೆ. "ಪಾಪ, ನಿಮ್ಮ ದುಃಖ ನಂಗೆ ಅರ್ಥವಾಗುತ್ತೆ," ಅಂತ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು. ಮುಟ್ಟಲಿಲ್ಲ. ನನ್ನ ದುಃಖದ ಮಾತು ನಾನು ಎತ್ತಿರಲೇ ಇಲ್ಲ.

ಅಂದಿನಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಒದ್ದೆ ಬಟ್ಟೆಯಲ್ಲಿ ಚೌಕ ಒರೆಸುತ್ತಿದ್ದೆ. ಅವನು ಮತ್ತೆ ಬರೆಯುತ್ತಿದ್ದ. ಈಗ ಸುಣ್ಣ ಬಿಟ್ಟು ಬಣ್ಣ ಬಳಿದಿದ್ದಾನೆ. ನಾನೂ ನೀರು ಬಿಟ್ಟು ಸೀಮೆಎಣ್ಣೆ ಹಿಡಿದಿದ್ದೇನೆ. ದಿನಾ ಮೊಣಕಾಲೂರಿ ತಿಕ್ಕುತ್ತೇನೆ. ಒಂದು ಮೂಲೆ ಹೋಗಿದೆ.