ಬಿಸ್ಕತ್ತಿಗೆ ಬದಲು ಮೇಣದ ಬತ್ತಿ

ಮಗಳು ಬಿಸ್ಕತ್ತಿನ ಡಬ್ಬಿಯತ್ತ ಬೆರಳು ತೋರಿಸಿದಳು. ಅಂಗಡಿಯ ಫಿಲೋಮಿನಮ್ಮ ಮೇಣದ ಬತ್ತಿ ತೆಗೆದುಕೊಟ್ಟರು.

ಹೆಗ್ಗದ್ದೆಯಲ್ಲಿ ನಮ್ಮ ಮನೆಗೆ ಹತ್ತಿರದ ಅಂಗಡಿ ಅದು. ಮಗಳಿಗೆ ಮೂರು ತುಂಬುತ್ತ ಬಂದಿದ್ದರೂ ಒಂದು ಮಾತೂ ಬಂದಿರಲಿಲ್ಲ. ಕಿವಿ ಸರಿಯಾಗಿದೆ ಎಂದು ಸಕಲೇಶಪುರದ ಡಾಕ್ಟರು ಹೇಳಿದ ಮೇಲೂ ನಮ್ಮ ಭಯ ಹೋಗಿರಲಿಲ್ಲ.

“ಅವಳಿಗೆ ಬಿಸ್ಕತ್ತು ಬೇಕಂತೆ,” ಎಂದೆ.

“ನಿಮ್ಮನ್ನ ಯಾರು ಕೇಳಿದ್ರು ಸರ್? ಅವಳಿಗೂ ಬಾಯಿ ಐತೆ. ನಿಮ್ದು ಸ್ವಲ್ಪ ಮುಚ್ಕಂಡಿರಿ ಕಣ್ರೀ!”

ಮಗಳು ಮತ್ತೆ ಡಬ್ಬಿಯನ್ನೇ ತೋರಿಸಿದಳು. ಈ ಸಲ ಬಟ್ಟೆ ಸೋಪು ಬಂತು. ಫಿಲೋಮಿನಮ್ಮ ಅದನ್ನು ಮುಂದೆ ಚಾಚಿ ಹಿಡಿದು, ಅವಳ ಮುಖವನ್ನೇ ನೋಡುತ್ತ ಕಾದರು. ಮಗಳ ತುಟಿ ಅಳುವಂತೆ ಸೊಟ್ಟಗಾಯಿತು. ನಾನು ಇನ್ನೇನು ಬಾಯಿ ಹಾಕುವುದರಲ್ಲಿದ್ದೆ.

“ಅಲ್ಲ!” ಎಂದಳು.

“ಹಂಗನ್ನು ಮತ್ತೆ! ಹಂಗಾದ್ರೆ ಏನು ಬೇಕವ್ವಾ?” ಎಂದರು ಫಿಲೋಮಿನಮ್ಮ. ಅವರಿಗೆ ಅವಸರವೇ ಇರಲಿಲ್ಲ.

“ಅಲ್ಲ” ಎಂದದ್ದು ನನ್ನ ನೆನಪು. “ಬ್ಯಾಡ” ಅಂದಿದ್ದು ಎಂದು ಫಿಲೋಮಿನಮ್ಮ ಈಗಲೂ ವಾದಿಸುತ್ತಾರೆ. ಅದು ಅವಳ ಮೊದಲ ಮಾತೋ, ಬಾಯಿ ಮುಚ್ಚಿಕೊಂಡು ನಾನು ಕೇಳಿಸಿಕೊಂಡ ಮೊದಲ ಮಾತೋ, ಅದನ್ನೂ ಖಚಿತವಾಗಿ ಹೇಳಲಾರೆ.