ಗುಜರಿಗೆ ಹೋದ ರೊಟ್ಟಿ ಹಂಚು

ನಾನು ಹುಣಸೆಹಣ್ಣಿನ ವ್ಯಾಪಾರದವನು. ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ಲು, ಎರಡು ಗೋಣಿಚೀಲ, ಒಂದು ದೊಡ್ಡ ಬಾಯಿ, ಇಷ್ಟರಿಂದ ಶುರು ಮಾಡಿದೆ. ಕೂಡ್ಲಿಗಿ ಕಡೆ ಹೊಲದ ಬದುವಿನ ಮರ ನೋಡಿ, ಕಾಯಿ ಇನ್ನೂ ಟೊಂಗೆಯಲ್ಲಿರುವಾಗಲೇ ಮಾತು ಮುಗಿಸಿ ಬರುತ್ತಿದ್ದೆ. ಈಗ ಹರಪನಹಳ್ಳಿಯಲ್ಲಿ ನನ್ನದೇ ಮಳಿಗೆ ಇದೆ. ಸೈಕಲ್ಲು ಹೋಯಿತು, ಬಾಯಿ ಹಾಗೇ ಉಳಿಯಿತು. ಚೌಕಾಸಿ ಮಾಡದೆ ನಾನು ಕೊಂಡದ್ದು ಅಂದರೆ ಬಸ್ಸಿನ ಟಿಕೆಟ್ಟು ಒಂದೇ. ಅದಕ್ಕೂ ಒಂದು ಸಲ ಪ್ರಯತ್ನಪಟ್ಟಿದ್ದೇನೆ. ಕಂಡಕ್ಟರ್ ದರ ಇಳಿಸಲಿಲ್ಲ. ಪುಣ್ಯಕ್ಕೆ ನನ್ನನ್ನೂ ಇಳಿಸಲಿಲ್ಲ.

ಹಾಗಾಗಿ ಯಾವುದನ್ನು ಫೋನಿನಲ್ಲಿ ತರಿಸಬೇಕು, ಯಾವುದನ್ನು ಕೂಡದು ಅಂತ ನನ್ನನ್ನು ಕೇಳಲು ಜನ ಮಳಿಗೆಗೆ ಬರುತ್ತಾರೆ. ಬರದವರಿಗೂ ನಾನೇ ಕರೆದು ಹೇಳುತ್ತೇನೆ. ಹುಣಸೆಹಣ್ಣು ತರಿಸಬೇಡಿ. ಅದನ್ನು ಮುಷ್ಟಿಯಲ್ಲಿ ಹಿಚುಕಿ ನೋಡಬೇಕು. ಬೆರಳ ಸಂದಿ ತೇವವಾಯಿತೋ, ತೂಕಕ್ಕೆ ನೀರು ಚಿಮುಕಿಸಿದ್ದಾರೆ ಅಂತ ತಿಳಿಯಿರಿ. ಚಪ್ಪಲಿ ತರಿಸಬೇಡಿ. ಚಪ್ಪಲಿಯನ್ನು ಸಂಜೆ ಹೊತ್ತು, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿಕೊಂಡ ಮೇಲೆ ಹಾಕಿ ನೋಡಿ ಕೊಳ್ಳಬೇಕು. ಹಡಗಲಿ ಮಲ್ಲಿಗೆಯ ಫೋಟೋಕ್ಕೆ ವಾಸನೆ ಇರುವುದಿಲ್ಲ, ಇದನ್ನು ನಾನು ಹೇಳಬೇಕಿಲ್ಲ. ಹಾಸಿಗೆಯ ಮೇಲೆ ಅಂಗಡಿಯಲ್ಲೇ ಒಂದು ಸಲ ಅಡ್ಡಾಗಬೇಕು, ಅಂಗಡಿಯವ ಬೇಡವೆಂದರೂ ಅಡ್ಡಾಗಬೇಕು. ಕೊಟ್ಟೂರಿನ ಒಂದು ಅಂಗಡಿಯಲ್ಲಿ ನಾನು ಹಾಗೆ ಪರೀಕ್ಷೆ ಮಾಡುತ್ತಾ ಅರ್ಧ ತಾಸು ನಿದ್ದೆ ಹೋಗಿದ್ದೆ. ಎದ್ದು, "ಇದು ಯಾಕೋ ನಿದ್ದಿ ಬರೂ ಹಂಗಿಲ್ಲ" ಅಂತ ದರ ಇಳಿಸಲು ನೋಡಿದೆ. ಅವನು ನನ್ನ ಗೊರಕೆಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ.

ಇಷ್ಟೆಲ್ಲ ಬಲ್ಲ ನಾನು ಫೋನಿನಲ್ಲಿ ತರಿಸಿದ್ದು ರೊಟ್ಟಿ ಹಂಚನ್ನು.

ಆಗ ನನ್ನ ಹೆಂಡತಿ ತನ್ನ ಜೀವನದ ಮೊದಲ ಆರ್ಡರ್ ಹಿಡಿದಿದ್ದಳು. ತೆಲಿಗಿಯಲ್ಲಿ ಒಂದು ಗೃಹಪ್ರವೇಶಕ್ಕೆ ಮುನ್ನೂರು ಖಡಕ್ ಜೋಳದ ರೊಟ್ಟಿ. ಅಡಿಗೆ ಕಂಟ್ರಾಕ್ಟರ್ ನಮ್ಮ ಮನೆಯಲ್ಲಿ ಒಮ್ಮೆ ಉಂಡವನು, "ಇವು ಮುನ್ನೂರು ಚಲೋ ಬಂದ್ರ ಮುಂದಿನ ಲಗ್ನದ ರೊಟ್ಟಿಯೆಲ್ಲ ನಿಮಗs, ಅಕ್ಕಾರ. ಕೆಟ್ಟರ ಹಗರಿಬೊಮ್ಮನಹಳ್ಳಿಯ ರೊಟ್ಟಿಯವರು ಈ ಕೆಲಸ ಕೇಳಾಕ ಹತ್ಯಾರ" ಅಂತ ಹೇಳಿ ಹೋಗಿದ್ದ. ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ಆದರೆ ಹಿತ್ತಲಿನ ಕಟ್ಟಿಗೆ ಒಲೆಗೆ ಎರಡು ಸಲ ಸಗಣಿ ಸಾರಿಸಿದಳು, ಜೋಳವನ್ನು ತಾನೇ ನಿಂತು ಗಿರಣಿಯಲ್ಲಿ ಬೀಸಿಸಿಕೊಂಡು ಬಂದಳು. ಇಪ್ಪತ್ತು ವರ್ಷ ನನ್ನ ವ್ಯಾಪಾರದ ಸುದ್ದಿ ಕೇಳಿ ಕೇಳಿ ತಲೆಯಾಡಿಸಿದವಳಿಗೆ ಈಗ ತನ್ನದೊಂದು ಸುದ್ದಿ ಸಿಕ್ಕಿತ್ತು.

ಅವಳ ಹಂಚು ಮದುವೆಯಲ್ಲಿ ತವರಿನಿಂದ ಬಂದದ್ದು. ಕಪ್ಪಗೆ, ಅಗಲವಾಗಿ, ನಡುವೆ ಚೂರು ತಗ್ಗಾಗಿ, ಎತ್ತಿದರೆ ಕೈ ಸೋಲುವಷ್ಟು ಭಾರ. "ಮಣಿಕಟ್ಟು ನೋಯ್ತೈತಿ" ಅಂತ ಅವಳು ಅಂದದ್ದನ್ನು ನಾನು ಹೊಸ ಹಂಚಿನ ಬೇಡಿಕೆ ಅಂದುಕೊಂಡೆ. ಅವಳು ನಾಮಕರಣಕ್ಕೆಂದು ಎರಡು ದಿನ ಹಡಗಲಿಗೆ ಹೋದಳು. ಅವಳು ಬಂದಾಗ ಆಶ್ಚರ್ಯಪಡಿಸಬೇಕೆಂದು ನಾನು ಫೋನು ತೆಗೆದೆ.

ನನ್ನಂಥವನನ್ನು ಅದು ಹೇಗೆ ಕೆಡವಿತು ಅಂತ ಹೇಳುತ್ತೇನೆ, ನೀವು ಹುಷಾರಾಗಿರಿ. ಅಂಗಡಿಯಲ್ಲಿ ಅವನೊಂದು ಹೇಳುತ್ತಾನೆ, ನಾವೊಂದು ಕೇಳುತ್ತೇವೆ, ಎದ್ದು ಹೊರಟಂತೆ ಮಾಡುತ್ತೇವೆ, ಅವನು ಕರೆಯುತ್ತಾನೆ. ಫೋನಿನಲ್ಲಿ ನಾನು ಬಾಯಿ ತೆರೆಯುವುದರೊಳಗೆ ಮೊದಲಿನ ದರದ ಮೇಲೆ ಗೀಟು ಹಾಕಿ ಅರ್ಧಕ್ಕಿಳಿಸಿಬಿಟ್ಟಿದ್ದರು! ಜಗಳವಿಲ್ಲ, ಬೆವರಿಲ್ಲ, ಗೆಲುವು ಮಾತ್ರ. ಆ ಖುಷಿಯಲ್ಲಿ ಒತ್ತಿದೆ. ಫೋಟೋದಲ್ಲಿ ಹಂಚಿನ ಮೇಲೆ ಇದ್ದದ್ದು ದೋಸೆ ಅನ್ನುವುದನ್ನು ಗಮನಿಸಲೇ ಇಲ್ಲ.

ಹಂಚು ಮರುದಿನವೇ ಬಂತು. ಹಗುರ, ಹೊಳಪು. ಅದೇ ಹೊತ್ತಿಗೆ ಬೀದಿಯಲ್ಲಿ ಗುಜರಿಯವನ ಗೂಡ್ಸ್ ಆಟೋ, "ಹಳೇ ಕಬ್ಬಿಣ, ಹಳೇ ಪಾತ್ರಿ, ಹಳೇ ಬ್ಯಾಟ್ರಿ" ಅಂತ ಮೈಕಿನಲ್ಲಿ ಕೂಗುತ್ತಾ ಬಂತು. ಹಳೆಯ ಹಂಚು ಕೊಟ್ಟು ಒಂದು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡೆ. ಅವನು ಆಟೋ ಹತ್ತಿದ ಮೇಲೂ ತಡೆದು ನಿಲ್ಲಿಸಿ ಒಂದು ಮಗ್ಗನ್ನೂ ಎಳೆದುಕೊಂಡೆ. ಒಂದೇ ದಿನ ಎರಡು ವ್ಯವಹಾರ, ಎರಡರಲ್ಲೂ ಲಾಭ. ಅವತ್ತು ಊಟ ಚೆನ್ನಾಗಿ ಸೇರಿತು.

ಹೆಂಡತಿ ಬಂದವಳೇ ಹಿತ್ತಲಿಗೆ ಹೋದಳು.

"ನನ್ನ ಹಂಚೆಲ್ಲಿ?"

"ಒಲಿ ಮ್ಯಾಗs ಐತಲ್ಲ. ಹೊಸಾದು!"

"ಹೊಸಾದು ಕೇಳಿಲ್ರಿ ನಾನು. ನನ್ನ ಹಂಚು."

ನಾನು ಲಾಭದ ಲೆಕ್ಕ ಒಪ್ಪಿಸಿದೆ. ಅವಳು ಬಕೆಟ್ಟನ್ನು ನೋಡಿದಳು, ನನ್ನನ್ನು ನೋಡಿದಳು, ಹಿಟ್ಟು ನಾದಲು ಕೂತಳು. ಅವಳು ಬೈದಿದ್ದರೆ ನನಗೆ ಉತ್ತರ ತಯಾರಿತ್ತು. ರೊಟ್ಟಿ ಬಡಿದು ಹೊಸ ಹಂಚಿಗೆ ಹಾಕಿದರೆ ಸುತ್ತಲೂ ಎರಡು ಬೆರಳು ಹೊರಗೆ ಜೋತುಬಿತ್ತು. ಮೇಲೆ ನೀರು ಸವರಿ ಕೆಳಗೆ ಉರಿ ಏರಿಸಿದಳು. ಹಂಚಿನ ಕರಿ ಬಣ್ಣ ಚಕ್ಕೆ ಎದ್ದು ರೊಟ್ಟಿಗೆ ಹತ್ತಿತು, ಪ್ಲಾಸ್ಟಿಕ್ ಹಿಡಿಕೆ ಮೆತ್ತಗಾಗಿ ಬಾಗಿ ನೆಲ ನೋಡತೊಡಗಿತು. ಹಿತ್ತಲೆಲ್ಲ ಟೈರು ಸುಟ್ಟ ವಾಸನೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ಇಣುಕಿ, "ಏನ್ ಅಡಿಗೀ ಅಕ್ಕಾ?" ಅಂದಳು.

"ಸಾವುಕಾರ್ರು ತಂದಾರವ್ವಾ. ಅವರನ್ನs ಕೇಳು."

ನಾನು ಪೇಟೆಗೆ ಓಡಿದೆ. ಕಬ್ಬಿಣದ ಹೊಸ ಹಂಚು ತಂದೆ. ಚೌಕಾಸಿಯನ್ನೂ ಅರ್ಧಕ್ಕೇ ಬಿಟ್ಟೆ, ಅಷ್ಟು ಗಾಬರಿ. ಅದು ರೊಟ್ಟಿಯನ್ನು ಗಟ್ಟಿ ಹಿಡಿದುಕೊಂಡಿತು; ಎಬ್ಬಿಸಿದರೆ ಚೂರು ಚೂರಾಗಿ ಬಂತು. "ಇದು ಪಳಗಾಕ ಒಂದು ತಿಂಗಳಾರ ಬೇಕ್ರಿ. ರೊಟ್ಟಿ ಕೊಡಾದು ಮೂರನೇ ದಿನಕ್ಕ" ಅಂದಳು. ಅಕ್ಕಪಕ್ಕದಲ್ಲಿ ಕೇಳಿದೆ. ದಿನಾ ರೊಟ್ಟಿ ಬಡಿಯುವ ಮನೆಯಲ್ಲಿ ಹಂಚು ಕೇಳುವುದೂ ಒಂದೇ, ಹಲ್ಲುಜ್ಜುವ ಬ್ರಷ್ ಕೇಳುವುದೂ ಒಂದೇ. ಫೋನು ತೆಗೆದು ನೋಡಿದೆ. ಹೊಸದನ್ನು ವಾಪಸ್ ಕಳಿಸಲು ಬಟನ್ ಇತ್ತು. ಹಳೆಯದನ್ನು ವಾಪಸ್ ತರಿಸುವ ಬಟನ್ ಎಲ್ಲೂ ಇರಲಿಲ್ಲ.

ಅವತ್ತು ಸಂಜೆ ಅವಳು ಬೀಸಿದ ಹಿಟ್ಟಿನ ಡಬ್ಬಿಗಳ ಮುಚ್ಚಳ ಹಾಕಿ, "ಕಂಟ್ರಾಕ್ಟರಿಗೆ ಫೋನ್ ಹಚ್ರಿ. ಆಗಂಗಿಲ್ಲ ಅಂತ ಹೇಳ್ತೀನಿ" ಅಂದಳು. ನಾನು ಹಚ್ಚಲಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಗುಜರಿ ಗೋಡೌನಿಗೆ ಹೋಗಿ ಆ ಆಟೋದವನು ಯಾರು ಅಂತ ವಿಚಾರಿಸಿದೆ. ನಮ್ಮ ತಾಲ್ಲೂಕಿನದೇ ಅರಸೀಕೆರೆಯವನು ಅಂತ ತಿಳಿಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. "ಬಾಯಿ ಮುಚ್ಚಿಕೊಂಡು ಬರೂದಾದ್ರ ಬರ್ರಿ" ಅಂತ ಷರತ್ತು ಹಾಕಿದಳು. ಒಪ್ಪಿದೆ. ಕಂಡಕ್ಟರನ ಹತ್ತಿರವೂ ಹೇಳಿದಷ್ಟು ಕೊಟ್ಟು ಟಿಕೆಟ್ ತೆಗೆದುಕೊಂಡೆ.

ಗುಜರಿಯವನ ಮನೆ ಊರಿನ ಅಂಚಿನಲ್ಲಿ. ಮುಂದೆ ಆಟೋ, ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣದ ಗುಡ್ಡೆ. ನಾನು ಗುಡ್ಡೆಯಲ್ಲಿ ಹುಡುಕತೊಡಗಿದೆ. ನನ್ನ ಹೆಂಡತಿ ಗುಡ್ಡೆಯ ಕಡೆ ತಿರುಗಿಯೂ ನೋಡದೆ ಬಾಗಿಲಲ್ಲಿ ನಿಂತಳು. ಒಳಗೆ ಒಲೆ ಮುಂದೆ ಗುಜರಿಯವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲೆ ನಮ್ಮ ಹಂಚು. ರೊಟ್ಟಿ ಅದರ ಮೇಲೆ ನಮ್ಮ ಮನೆಯಲ್ಲಿ ಉಬ್ಬಿದಂತೆಯೇ ಉಬ್ಬುತ್ತಿತ್ತು, ನಾಚಿಕೆ ಇಲ್ಲದ್ದು.

ಗುಜರಿಯವನು ನನ್ನನ್ನು ಗುರುತಿಸಿದ. "ಬರ್ರಿ ಸಾವುಕಾರ್ರೆ! ಏ, ಇವರs ನೋಡು ಬಕೆಟ್ ಮ್ಯಾಗ ಮಗ್ಗೂ ಕಸಗೊಂಡವರು!"

"ಹೌದೇನು?" ಅಂತ ಆಕೆ ಸೆರಗು ಸರಿಮಾಡಿಕೊಂಡಳು. "ರೊಟ್ಟಿ ಬಡಿವಾಗೆಲ್ಲ ನಿಮ್ಮನ್ನ ನೆನಸ್ತೀನ್ರಿ ಅಣ್ಣಾರ. ಇಂಥಾ ಹಂಚು ಗುಜರಿಗೆ ಹಾಕ್ಯಾರಂದ್ರ ಆ ಮನಿಯಾಗ ಹೆಣ್ಣುಮಕ್ಕಳs ಇಲ್ಲ ಅನ್ಕೊಂಡಿದ್ದೆ."

"ಅದೀನವ್ವಾ," ಅಂದಳು ನನ್ನ ಹೆಂಡತಿ. "ಎರಡು ದಿನ ಊರಾಗಿರಲಿಲ್ಲ."

ಇಬ್ಬರೂ ನಕ್ಕರು. ಈ ನಗುವಿನಲ್ಲೇ ವ್ಯವಹಾರ ಮುಗಿಸಿಬಿಡೋಣ ಅಂತ ನಾನು ಷರತ್ತು ಮುರಿದೆ. ಚೀಲದಿಂದ ಎರಡೂ ಹೊಸ ಹಂಚು ತೆಗೆದಿಟ್ಟು, "ಒಂದು ತಗೊಂಡು ಎರಡು ಕೊಡ್ತೀನಿ" ಅಂದೆ. ಆಕೆ ಸೊಟ್ಟ ಹಿಡಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಗಂಡನ ಕಡೆ ಹಿಡಿದಳು. ಅವನು, "ತೂಕಕ್ಕೂ ಬರಂಗಿಲ್ಲ" ಅಂದ. ಎರಡು ಕೆಜಿ ಬೀಜ ತೆಗೆದ ಹುಣಸೆಹಣ್ಣು ಸೇರಿಸಿದೆ. ಕಬ್ಬಿಣದ ದರಕ್ಕೆ ಎರಡು ಪಟ್ಟು ಅಂದೆ, ಮೂರು ಪಟ್ಟು ಅಂದೆ.

"ಅಣ್ಣಾರ," ಅಂದಳು ಆಕೆ, ರೊಟ್ಟಿ ಮಗುಚುತ್ತಾ, "ನಿಮ್ಮ ಮನಿಯಾಗಿದ್ದಾಗ ನೀವs ಇದಕ್ಕ ಬೆಲಿ ಕಟ್ಟಲಿಲ್ಲ. ಈಗ ನಾ ಯಾಕ ಕಟ್ಟಲಿ?"

ಹೆಚ್ಚು ಹೇಳುವವರನ್ನು ಇಳಿಸಬಲ್ಲೆ, ಕಡಿಮೆ ಕೊಡುವವರನ್ನು ಏರಿಸಬಲ್ಲೆ. ಬೆಲೆಯನ್ನೇ ಹೇಳದವರ ಮುಂದೆ ನನ್ನ ಇಷ್ಟು ವರ್ಷದ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಎದ್ದು ಹೊರಟಂತೆ ಮಾಡಿದೆ. ಯಾರೂ ಕರೆಯಲಿಲ್ಲ. ಆಟೋದವರೆಗೆ ಹೋಗಿ ನಾನೇ ಬಂದೆ.

ಬರುವಷ್ಟರಲ್ಲಿ ನನ್ನ ಹೆಂಡತಿ ಒಲೆಯ ಮುಂದೆ ಕೂತಿದ್ದಳು. "ಒಂದು ಬಡೀಲೇನು ತಂಗಿ?" ಅಂತ ಕೇಳಿ ಹಿಟ್ಟಿನ ಉಂಡೆ ತೆಗೆದುಕೊಂಡಿದ್ದಳು. ರೊಟ್ಟಿ ಅವಳ ಅಂಗೈಯಲ್ಲಿ ತಿರುಗುತ್ತಾ ಅಗಲವಾಯಿತು. ಅದನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆ ಸವರಿ, ಒಲೆ ನೋಡುತ್ತಲೇ ಹೇಳಿದಳು: "ಮುನ್ನೂರು ಒಪ್ಪಿಕೊಂಡೀನಿ. ನನ್ನ ಹೆಸರಿಗೆ ಬಂದ ಮೊದಲನೇ ಕೆಲಸ ಇದು. ಇಲ್ಲಾ ಅಂದ್ರ ಇನ್ನೊಮ್ಮೆ ಯಾರೂ ಕೇಳಂಗಿಲ್ಲ."

ಗುಜರಿಯವನ ಹೆಂಡತಿ ಆ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅಂಚು ಎಲ್ಲೂ ಒಡೆದಿರಲಿಲ್ಲ.

"ಹಂಚು ಬಿಟ್ಟು ಕೊಡಂಗಿಲ್ಲ ಯಕ್ಕಾ. ಬೇಕಂದ್ರ ಹಂಚಿನ ಜೋಡಿ ನಾನs ಬರ್ತೀನಿ. ನೀ ಬಡಿ, ನಾ ಬೇಯಸ್ತೀನಿ. ನಿನಗ ಸಾಕಾದಾಗ ನಾ ಬಡೀತೀನಿ. ಬಂದಿದ್ದರಾಗ ಅರ್ಧ ಅರ್ಧ."

"ಅರ್ಧ?" ನನ್ನ ಬಾಯಿ ತಾನಾಗಿಯೇ ತೆರೆಯಿತು. "ಹಿಟ್ಟು ನಮ್ಮದು, ಕಟ್ಟಿಗಿ ನಮ್ಮದು, ಒಲಿ ನಮ್ಮದು..."

"ಹಂಚು ಆಕೀದು" ಅಂದಳು ನನ್ನ ಹೆಂಡತಿ.

ಅಲ್ಲಿಗೆ ಮುಗಿಯಿತು.

ನಾಲ್ವರೂ ಆಟೋದಲ್ಲೇ ಹರಪನಹಳ್ಳಿಗೆ ಹೊರಟೆವು. ಹೆಂಗಸರು ಮುಂದೆ, ಹಂಚು ಗುಜರಿಯವನ ಹೆಂಡತಿಯ ತೊಡೆಯ ಮೇಲೆ, ನಾನು ಹಿಂದೆ ಒಡೆದ ಕೊಡಗಳ ನಡುವೆ. ದಾರಿಯಲ್ಲಿ ಸಿಕ್ಕ ಗಿರಾಕಿ ಬಿಡಬಾರದೆಂದು ಅವನು ಮೈಕು ಹಾಕಿಯೇ ಬಿಟ್ಟ; ಒಬ್ಬ ವ್ಯಾಪಾರಿಯಾಗಿ ನಾನು ತಪ್ಪು ಅನ್ನುವ ಹಾಗಿರಲಿಲ್ಲ. "ಹಳೇ ಕಬ್ಬಿಣ, ಹಳೇ ಪಾತ್ರಿ" ಅಂತ ಕೂಗಿಸಿಕೊಳ್ಳುತ್ತಾ ನಮ್ಮ ಬೀದಿಗೆ ಬಂದಾಗ, ಎದುರಿನ ಕಿರಾಣಿ ಅಂಗಡಿಯವನು ಹೊರಗೆ ಬಂದು ಕೇಳಿದ: "ಏನ್ರಿ ಸಾವುಕಾರ್ರೆ, ಇವತ್ತು ನಿಮ್ಮನ್ನs ತೂಕಕ್ಕ ಹಾಕ್ಯಾರೇನು?"

ಅವತ್ತು ಮಧ್ಯಾಹ್ನ ಶುರುವಾದ ರೊಟ್ಟಿ ಮರುದಿನ ಸಂಜೆ ಹೊತ್ತಿಗೆ ಮುಗಿಯಿತು. ಇಬ್ಬರೂ ಒಂದೇ ಸಮ ಮಾತಾಡುತ್ತಿದ್ದರು. ಗಂಡಂದಿರ ಬಗ್ಗೆ ಇರಬೇಕು, ನಾವು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನನಗೆ ಕಟ್ಟಿಗೆ ಒಡೆಯುವ ಕೆಲಸ. ಗುಜರಿಯವನು ರೊಟ್ಟಿಗಳನ್ನು ಬಿಸಿಲಿಗೆ ಹರವಿದ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ಖಡಕ್ ಆಗಿವೆಯೋ ಇಲ್ಲವೋ ಅಂತ ನನಗೆ ಅನುಮಾನವಿತ್ತು, ಪರೀಕ್ಷೆಗೆಂದು ಒಂದನ್ನು ಮುರಿದು ತಿಂದೆ. ಎರಡನೆಯದಕ್ಕೆ ಕೈ ಹಾಕಿದಾಗ ಆಕೆ ಒಲೆ ಮುಂದಿನಿಂದಲೇ, "ಅಣ್ಣಾರ, ಅದರಾಗ ಅರ್ಧ ನಂದು" ಅಂದಳು.

ಮೂರನೆಯ ದಿನ ಬೆಳಿಗ್ಗೆ ನಾಲ್ವರೂ ಆಟೋದಲ್ಲಿ ಬುಟ್ಟಿಗಳನ್ನು ತೆಲಿಗಿಗೆ ಒಯ್ದೆವು. ಕಂಟ್ರಾಕ್ಟರ್ ನಡುವಿನಿಂದ ಒಂದು ರೊಟ್ಟಿ ಎಳೆದು ಕಿವಿಯ ಹತ್ತಿರ ಹಿಡಿದು ಮುರಿದ. ಪಟಕ್ಕಂತ ಸದ್ದು. ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದ, ಇನ್ನೊಂದು ಚೂರಿಗೆ ಶೇಂಗಾ ಚಟ್ನಿ ಹಚ್ಚಿದ. ನನ್ನ ಹೆಂಡತಿ ಅವನ ದವಡೆಯನ್ನೇ ನೋಡುತ್ತಿದ್ದಳು. ಕಡೆಗೆ ಅವನು ನನ್ನ ಕಡೆ ತಿರುಗಿ, "ಮುಂದಿನ ತಿಂಗಳು ನೀಲಗುಂದದಾಗ ಲಗ್ನ ಐತಿ ಸಾವುಕಾರ್ರೆ. ಐದುನೂರು ಬೇಕು. ಇದs ದರ. ಏನಂತೀರಿ?" ಅಂದ.

ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ, ಗುಜರಿಯವನ ಹೆಂಡತಿಯ ಮುಖ ನೋಡಿದಳು. ಆಕೆ ಹೂಂ ಅನ್ನುವ ಹಾಗೆ ಕಣ್ಣು ಮುಚ್ಚಿ ತೆರೆದಳು.

"ಐದುನೂರು ಆಕ್ಕಾವ್ರಿ," ಅಂದಳು ನನ್ನ ಹೆಂಡತಿ, "ಆದ್ರ ಇದs ದರಕ್ಕಲ್ಲ."

"ಆಟೋ ಬಾಡಿಗಿ ಬ್ಯಾರೆ" ಅಂತ ಆಕೆ ಸೇರಿಸಿದಳು.

ಕಂಟ್ರಾಕ್ಟರ್ ಗಾಬರಿಯಾಗಿ ಚಟ್ನಿ ಕೈಯಲ್ಲೇ ನನ್ನ ತೋಳು ಹಿಡಿದ. "ನೀವಾರ ಹೇಳ್ರಿ ಸಾವುಕಾರ್ರೆ! ನೀವು ವ್ಯಾಪಾರಸ್ಥರು!"

"ನಾನು ಬುಟ್ಟಿ ಹೊರಾಕ ಬಂದೀನ್ರಿ" ಅಂತ ಹೇಳಿ, ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಂಡು ಆಟೋ ಕಡೆ ನಡೆದೆ.