ಪುಸ್ತಕವಿಲ್ಲದ ಕಾರ್ಡು, ಸಹಿ ಮಾಡದ ಚನ್ನವೀರ

"ಹಸಿರು ಹತ್ತಿತ್ರೀ!"

ಬೆಳಗಿನ ಐದೂವರೆ. ಪುಣೆ ಬಳಿಯ ಚಿಂಚವಾಡದ ಎರಡು ಕೋಣೆಯ ಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಮಾಧುರಿ ಕೂಗುತ್ತಾರೆ. ಕಂಪ್ಯೂಟರಿನ ಹಿಂಬದಿಯ ಪುಟ್ಟ ದೀಪ ಒಲೆಯ ಮುಂದಿನಿಂದ ಕಾಣುತ್ತದೆ. ಪರದೆಯ ಮುಂದೆ ಕೂತ ಪತಿ ಚನ್ನವೀರ ಅವರಿಗೆ ಕಾಣುವುದಿಲ್ಲ. ಕೂಗು ಕೇಳಿದ್ದೇ ಅವರು ಒಂದು ಅಂಕಿಯನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ.

ಧಾರವಾಡದ ಚನ್ನವೀರ ಕಾರ್ಖಾನೆಯಲ್ಲಿ ಯಂತ್ರ ದುರಸ್ತಿ ಮಾಡುವವರು. ಏಳಕ್ಕೆ ಪಾಳಿ. ಅದಕ್ಕೂ ಮೊದಲಿನ ಒಂದು ತಾಸು ಸಂಬಳವಿಲ್ಲದ ಕೆಲಸ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದನ್ನು ದೇಶದೇಶಗಳ ಹವ್ಯಾಸಿಗಳು ಕೂಡಿ ಕಟ್ಟುತ್ತಿದ್ದಾರೆ. ಅದರಲ್ಲಿ ಅಗ್ಗದ ನೆಟ್‌ವರ್ಕ್ ಕಾರ್ಡೊಂದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಬರೆಯುವುದು ಇವರ ಪಾಲಿಗೆ ಬಂದಿದೆ.

ಯಾವ ಅಂಕಿಗೆ ಕಾರ್ಡು ಏನು ಮಾಡುತ್ತದೆಂಬುದೆಲ್ಲ ತಯಾರಕರ ಬಳಿಯ ಪುಸ್ತಕದಲ್ಲಿದೆ. ಅವರು ಕೊಡುವುದಿಲ್ಲ. ಆನೆ ಮಾರಿದವರಿಗೆ ಅಂಕುಶ ಕೊಡಲು ಏನು ಧಾಡಿಯೋ! ಹಾಗಾಗಿ ದಿನಕ್ಕೆ ಹತ್ತೋ ಹನ್ನೆರಡೋ ಅಂಕಿ ಕಾರ್ಡಿಗೆ ಕಳಿಸಿ, ಅದರ ದೀಪ ಹತ್ತಿತೇ ಎಂದು ನೋಡಿ ಬರೆದಿಡುವುದು. 2000ದಲ್ಲಿ ಪುಣೆಯ ಶಿವಾಜಿನಗರದಲ್ಲಿ ಕಾರ್ಡು ಕೊಂಡಾಗಿನಿಂದ ಈ ನಾಲ್ಕು ವರ್ಷದಲ್ಲಿ ಏಳು ನೋಟ್‌ಬುಕ್ ತುಂಬಿವೆ. ತಪ್ಪು ಅಂಕಿ ತಿಂದು ಮೂರು ಕಾರ್ಡು ಸತ್ತಿವೆ.

"ಅವರಿಗೂ ಅಂಜಿಕಿ ಅದ ರೀ," ಎಂದು ಚನ್ನವೀರ ಕಂಪನಿಯ ಪರವೇ ಮಾತಾಡುತ್ತಾರೆ. "ಎದುರಾಳಿ ನಕಲು ಮಾಡ್ತಾನ ಅಂತ. ಒಳಗ ಬ್ಯಾರೆಯವರಿಂದ ಕೊಂಡ ಭಾಗ ಇರ್ತಾವ, ಅವನ್ನ ಹೇಳಲಿಕ್ಕೆ ಇವರಿಗೆ ಹಕ್ಕಿಲ್ಲ. ಕಾರ್ಡಿನ್ಯಾಗ ತಪ್ಪಿದ್ರ ಜಗಜ್ಜಾಹೀರ ಆಗ್ತಾವ. ಮ್ಯಾಲೆ ನಮ್ಮಂಥವರು ಎಷ್ಟು ಮಂದಿ? ನಮ್ಮ ಸಲುವಾಗಿ ಯಾರು ತಲಿ ಕೆಡಿಸ್ಕೋತಾರ?"

ಪುಸ್ತಕ ಕೇಳಿ ಕಂಪನಿಗೆ ಹನ್ನೊಂದು ಪತ್ರ ಬರೆದರು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದರಂತೆ. ಕಳೆದ ದೀಪಾವಳಿಗೆ ಉತ್ತರ ಬಂತು: ಪುಸ್ತಕ ಕೊಡುತ್ತೇವೆ, ಓದಿದ್ದನ್ನು ಯಾರಿಗೂ ತಿಳಿಸುವುದಿಲ್ಲವೆಂದು ಸಹಿ ಮಾಡಿ ಕಳಿಸಿ. ಬರೆದ ಡ್ರೈವರನ್ನು ಎಲ್ಲರೂ ಓದುವಂತೆ ಬಿಚ್ಚಿಡುವುದೇ ಈ ಹವ್ಯಾಸಿಗಳ ಕಟ್ಟಳೆ. ಸಹಿ ಮಾಡಿದರೆ ಬಿಚ್ಚಿಡುವಂತಿಲ್ಲ.

"ಪೆನ್ ಹಿಡಕೊಂಡು ಕೂತಽ ಬಿಟ್ರು, ಚಹಾ ಆರಿಹೋತು," ಎನ್ನುತ್ತಾರೆ ಮಾಧುರಿ. "ನಾನಽ ಅಂದೆ, ಮಾಡಿಬಿಡ್ರಿ ಸಹಿ, ಸಾಕಾತು ನನಗ ಈ ದೀಪ ಕಾಯೋದು ಅಂತ."

ಚನ್ನವೀರ ಮಾಡಲಿಲ್ಲ. ಕಾಗದ ಹಾಗೆಯೇ ವಾಪಸು ಹೋಯಿತು. ಆ ಸಂಕಟ ಇನ್ನೂ ಇದೆ. ಪುಸ್ತಕದ ಮಾತೆತ್ತಿದರೆ ದನಿ ತಗ್ಗುತ್ತದೆ.

"ಎಷ್ಟು ಪುಟದ್ದೋ ಏನೋ, ಅದೂ ಗೊತ್ತಿಲ್ರಿ. ಓದಬೇಕಂತ ಜೀವ ಭಾಳ ಬಡಕೋತದ. ಆದ್ರ ನಾ ಓದೋ ದಿವಸ ಎಲ್ಲಾರೂ ಓದಬೇಕು. ಒಬ್ಬನಽ ಓದಿ ಬಾಯಿ ಮುಚ್ಚಿಕೊಂಡು ಕೂಡೋದು ನನ್ನ ಕೈಲೆ ಆಗೂದಿಲ್ರಿ."